ನೋಯದ ಪಾದಗಳು

ಮೊನ್ನೆ ಬೆಳಗಿನ ಪೂಜೆಗೆಂದು ಗರ್ಭಗುಡಿಯ ಬಾಗಿಲು ತೆರೆದು ನಂದಾದೀಪಕ್ಕೆ ಎಣ್ಣೆ ಎರೆಯುತ್ತಿದ್ದಾಗ, ಕೇರಿಯಲ್ಲಿ ಹೂ ಮಾರುವ ಸಾಕವ್ವ ಬಂದು ಹೊಸ್ತಿಲಾಚೆ ನಿಂತಳು. ಒಳಗೆ ಬರಲಿಲ್ಲ. ಸಾವಿನ ಮನೆಯಿಂದ ಬಂದವಳೆಂಬುದು ಅದರಿಂದಲೇ ತಿಳಿಯಿತು.

"ಯಜಮಾನ ಹೊಂಟೋದ ಅಯ್ನೋರೆ," ಎಂದಳು.

ಯಾವ ಯಜಮಾನನೆಂದು ನಾನು ಕೇಳಲಿಲ್ಲ. ಕನಕಪುರದ ನಮ್ಮ ಕೇರಿಯಲ್ಲಿ ಹೊಲಕ್ಕೆ, ಮನೆಗೆ, ಅಂಗಡಿಗೆ ಯಜಮಾನರು ಅನೇಕರಿದ್ದಾರೆ. ನಡಿಗೆಗೆ ಯಜಮಾನನೆನಿಸಿಕೊಂಡವನು ಆತನೊಬ್ಬನೇ. ಪ್ರತಿ ಶಿವರಾತ್ರಿಗೆ ಈ ಸೀಮೆಯ ಜನ ಬರಿಗಾಲಿನಲ್ಲಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆಯುತ್ತಾರೆ. ಸಾತನೂರು ದಾಟಿ, ಸಂಗಮದಲ್ಲಿ ಹಗ್ಗ ಹಿಡಿದು ಕಾವೇರಿಯನ್ನು ಹಾದು, ಆನೆಗಳಿರುವ ಕಾಡಿನೊಳಗೆ ಗುಂಪು ಬಿಡದೆ ನಡೆದು, ಕೊನೆಗೆ ತಾಳಬೆಟ್ಟದ ಬುಡದಿಂದ ಮೇಲಕ್ಕೆ ಹತ್ತುವ ದಾರಿ ಅದು. ನಮ್ಮ ಕೇರಿಯ ಗುಂಪನ್ನು ಬಹಳ ವರ್ಷ ಕರೆದೊಯ್ದವನು ಆತ. ಉಳಿದ ದಿನಗಳಲ್ಲಿ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆಯುವ ಕೆಲಸ.

ಆತನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮುಂದಾಳಿಗೆ ಹೆಸರಿರಬಾರದು, ಹೆಸರಿದ್ದರೆ ಜನ ಅವನ ಹಿಂದೆ ನಡೆಯುತ್ತಾರೆಯೇ ಹೊರತು ಸ್ವಾಮಿಯ ಕಡೆಗೆ ನಡೆಯುವುದಿಲ್ಲ ಎಂದು ಆತನೇ ಹೇಳುತ್ತಿದ್ದ.

ಕುಳ್ಳನೆಯ ದೇಹ, ಅಗಲವಾದ ಮೀನಖಂಡ, ಎದುರುಗಾಳಿಗೆ ಮೈಯೊಡ್ಡಿದವನಂತೆ ತುಸು ಮುಂದಕ್ಕೆ ಬಾಗಿದ ನಡಿಗೆ. ಯಾರೇ ಎದುರಾದರೂ ಮುಖಕ್ಕಿಂತ ಮೊದಲು ಕಾಲನ್ನು ನೋಡುತ್ತಿದ್ದ. ನನ್ನನ್ನೂ ಬಿಟ್ಟವನಲ್ಲ. ನಮ್ಮ ಪುಟ್ಟ ಈಶ್ವರನ ಗುಡಿಯ ಜಗಲಿಯಲ್ಲಿ ಕುಳಿತು, ನಾನು ಪ್ರದಕ್ಷಿಣೆ ಬರುವುದನ್ನು ಬಹಳ ಹೊತ್ತು ನೋಡಿ, ಒಂದು ದಿನ ಹೇಳಿದ: "ಅಯ್ನೋರೆ, ಬೇರೆ ದೇವಸ್ಥಾನದ ಪೂಜಾರಪ್ಪಂದ್ರಿಗೆಲ್ಲ ಎಡಗಾಲು ವಾಲ್ತದೆ. ವರ್ಸಗಟ್ಲೆ ಒಂದೇ ಕಡೆಗೆ ಸುತ್ತಿ ಸುತ್ತಿ. ನಿಮ್ಗೆ ವಾಲಿಲ್ಲ."

ನಾನು ನಕ್ಕು ವಿವರಿಸಿದೆ. ಶಿವಾಲಯದಲ್ಲಿ ಅಭಿಷೇಕದ ನೀರು ಹರಿಯುವ ಸೋಮಸೂತ್ರವನ್ನು ದಾಟುವ ಸಂಪ್ರದಾಯವಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಇನ್ನೊಂದು ಬದಿಯಿಂದ ಬರಬೇಕು. ಆದ್ದರಿಂದ ಎರಡು ಕಾಲಿಗೂ ಸಮಾನ ಸೇವೆ.

"ಅಂಗಾರೆ ಶಿವಪ್ಪ ಬಲೇ ಲೆಕ್ಕಾಚಾರದೋನು," ಎಂದು ಆತ ಆ ನೀರು ಹೊರಬೀಳುವ ಗೋಮುಖದ ಕಡೆಗೆ ಕೈಮುಗಿದ. ಮರುವರ್ಷದಿಂದ ಕೇರಿಯವರ ತರಬೇತಿಗೆ ನಮ್ಮ ಗುಡಿಯ ಪ್ರಾಕಾರವೇ ಅಂಗಳವಾಯಿತು.

ತರಬೇತಿ ಎಂಬುದು ನನ್ನ ಮಾತು. ಆತ ಅದನ್ನು ಪಳಗಿಸುವುದು ಎನ್ನುತ್ತಿದ್ದ. "ಹೋರಿ ಪಳಗಿಸ್ದಂಗೆ ಕಾಲು ಪಳಗಿಸ್ಬೇಕು. ಬೆಟ್ಟ ಶಿವರಾತ್ರೀಲಿ ಹತ್ತೋದಲ್ಲ ಕಣ್ರಲಾ, ಕಾರ್ತೀಕದಲ್ಲೇ ಹತ್ತಬೇಕು." ಕಾರ್ತಿಕದ ಮೊದಲ ಸೋಮವಾರ ಆರಂಭವಾದರೆ ಶಿವರಾತ್ರಿಯವರೆಗೆ ಆತನ ಶಾಸನ. ಇದರಲ್ಲಿ ನನಗೆ ಅಚ್ಚರಿಯೆನಿಸಿದ್ದು ಒಂದು ವಿಷಯ. ಯಾರ ಕೆಲಸವನ್ನೂ ಆತ ಬಿಡಿಸಲಿಲ್ಲ. ಇದ್ದ ಕೆಲಸದ ಸಂದಿಯಲ್ಲಿಯೇ ಸಾಧನೆಯನ್ನು ಸೇರಿಸಿದ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗಬೇಕು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವವನು ಚೀಲವನ್ನು ಗಾಡಿಗೆ ಹಾಕದೆ ಹೆಗಲಿಗೇರಿಸಬೇಕು. ಮನೆಯಲ್ಲಿರುವವರು ಮುದ್ದೆ ತೊಳಸುವಾಗ ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಲ್ಲಬೇಕು. ಸಾಕವ್ವನೊಬ್ಬಳು ವಾದಕ್ಕೆ ನಿಂತಿದ್ದಳು.

"ಲೇ, ದಿನಾ ಹೂವಿನ ಪುಟ್ಟಿ ಹೊತ್ಕಂಡು ಊರೆಲ್ಲ ಸುತ್ತೀನಲ್ಲ, ಅದು ನಡಿಗೆ ಅಲ್ವೇನ್ಲಾ?"

"ಅದು ಯಾಪಾರದ ನಡಿಗೆ ಕಣವ್ವ. ಮನೆಮನೆ ಮುಂದೆ ನಿಂತು ಅತ್ತೆ-ಸೊಸೆ ಸುದ್ದಿ ಕೇಳ್ಕಂಡು ಹೋಗೋದು. ಇದು ನಿಲ್ದೆ ಇರೋ ನಡಿಗೆ."

"ನಿಲ್ದೇ ಇದ್ರೆ ಹೂವ ಯಾರು ಕೊಂಡ್ಕತಾರೆ, ನಿನ್ನ ಮಾದಪ್ಪನಾ?"

ಎಲ್ಲರೂ ನಗುತ್ತಿದ್ದರು, ಆತನೂ ನಗುತ್ತಿದ್ದ. ಆದರೆ ಆ ಸಂಜೆಯಿಂದ ಸಾಕವ್ವ ಪುಟ್ಟಿ ಮನೆಯಲ್ಲಿಟ್ಟು ಬಂದು ಗೋಮುಖದವರೆಗೆ ಹೋಗಿ ಹಿಂದಿರುಗತೊಡಗಿದಳು.

ಆತನದೇ ದಿನಚರಿ ಇನ್ನೂ ಕಠಿಣ. ಮೊದಲ ಶಿಫ್ಟಿನ ದಿನ ಇನ್ನೂ ಕತ್ತಲಿರುವಾಗಲೇ ಮನೆ ಬಿಡುತ್ತಿದ್ದ. ಕಾರ್ಖಾನೆಯವರು ಕೊಟ್ಟ, ಮೂತಿಯಲ್ಲಿ ಕಬ್ಬಿಣವಿರುವ ಸೇಫ್ಟಿ ಶೂಗಳನ್ನು ಲಾಡಿ ಕಟ್ಟಿ ಹೆಗಲ ಮೇಲೆ ಜೋತುಬಿಟ್ಟು, ಬಸ್ ನಿಲ್ದಾಣದವರೆಗೆ ಬರಿಗಾಲಿನಲ್ಲಿ ಸುತ್ತುದಾರಿ ಹಿಡಿದು ನಡೆಯುವುದು. ಕಾರ್ಖಾನೆಯ ಗೇಟಿನ ಬಳಿಯ ನಲ್ಲಿಯಲ್ಲಿ ಕಾಲು ತೊಳೆದು ಶೂ ತೊಡುವುದು. ದಿನವೆಲ್ಲ ಯಂತ್ರದ ಮುಂದೆ ನಿಲುವು. ಸಂಜೆ ಊರಿಗೆ ಬಹಳ ಮೊದಲೇ ಬಸ್ಸಿಳಿದು ಮತ್ತೆ ಶೂ ಹೆಗಲಿಗೇರಿಸಿ ನಡಿಗೆ. ವಾರದ ರಜೆಯ ದಿನ ಮಡದಿಯೊಡನೆ ಅರ್ಕಾವತಿಯ ದಂಡೆಯುದ್ದಕ್ಕೂ ದೂರದ ನಡಿಗೆ. ಆಕೆ ಮಾತಿನ ಮಲ್ಲಿ, ಗಾರ್ಮೆಂಟ್ಸಿನಲ್ಲಿ ಹೊಲಿಗೆಯವಳು. ಗಂಡನಿಗಿಂತ ಅರ್ಧ ಹೆಜ್ಜೆ ಹಿಂದೆ, ಆದರೆ ಒಂದು ಹೆಜ್ಜೆಯೂ ಕಡಿಮೆಯಿಲ್ಲದಂತೆ ನಡೆಯುತ್ತಿದ್ದಳು. ಹೀಗೆ ಹಗಲೆಲ್ಲ ಚರ್ಮದ ಕತ್ತಲೆಯಲ್ಲಿ, ಬೆಳಗು ಬೈಗು ಕಲ್ಲುಮಣ್ಣಿನ ಮೇಲೆ, ಆತನ ಪಾದಗಳು ಎರಡು ಜನ್ಮಗಳನ್ನು ಒಟ್ಟಿಗೆ ಬಾಳುತ್ತಿದ್ದವು.

ಮೊದಲ ವರ್ಷಗಳಲ್ಲಿ ಆ ಪಾದಗಳು ಎಲ್ಲರ ಪಾದಗಳಂತೆ ನೊಂದದ್ದನ್ನು ನಾನು ಬಲ್ಲೆ. ಹಿಮ್ಮಡಿಯ ಬಿರುಕಿಗೆ ಹರಳೆಣ್ಣೆ ಅರಿಸಿನ ಹಚ್ಚಿಕೊಂಡು, ಜಗಲಿಯ ಮೇಲೆ "ಅಪ್ಪಾ ಮಾದಪ್ಪಾ" ಎಂದು ಹಲ್ಲುಕಚ್ಚಿ ಕೂಡುತ್ತಿದ್ದ. ಆಗ ನನಗೆ ಚಿಂತೆಯಿರಲಿಲ್ಲ. ಚಿಂತೆ ಹುಟ್ಟಿದ್ದು ನೋವು ನಿಂತ ವರ್ಷ.

ಒಂದು ಸೋಮವಾರ ಆತ ಈಡುಗಾಯಿ ಒಡೆಯಲು ಬಂದ. ಮುಖದಲ್ಲಿ ವರ ಪಡೆದವನ ಕಾಂತಿ.

"ಏನು ವಿಶೇಷವಪ್ಪಾ?" ಎಂದೆ.

"ಕಾಲು ನೋಯ್ತಾನೇ ಇಲ್ಲ ಅಯ್ನೋರೆ. ಒಸೀನೂ ಇಲ್ಲ. ಕಲ್ಲು ತುಳುದ್ರೂ ಹತ್ತಿ ತುಳ್ದಂಗೆ ಐತೆ. ಇಷ್ಟು ವರ್ಸ ಪಳಗಿಸಿದ್ದು ಕೊನೇಗೆ ಕೈಗೂಡ್ತು."

ಅಲ್ಲಿ ನೆರೆದಿದ್ದ ಕೇರಿಯವರೆಲ್ಲ ಸಂಭ್ರಮಿಸಿದರು. ಮಡದಿಗಂತೂ ಹೆಮ್ಮೆ. "ಅವ್ರ ಕಾಲು ಕಲ್ಲಾಗೋಗದೆ ಅಯ್ನೋರೆ. ಬಿಸಿನೀರು ಹುಯ್ದ್ರೂ, ಬಿಸಿಯಾ ತಣ್ಣಗಾ ಅಂತ ನನ್ನೇ ಕೇಳ್ತಾರೆ," ಎಂದು ನಗುತ್ತಾ ಹೇಳಿದಳು. ಪಾಠಶಾಲೆಯಲ್ಲಿ ನಮ್ಮ ಗುರುಗಳು ತಿತಿಕ್ಷೆಯನ್ನು ಬೋಧಿಸುವಾಗ, ಬಿಸಿಲನ್ನೂ ಚಳಿಯನ್ನೂ ಬಲ್ಲವನು ಮಾತ್ರ ಅವುಗಳನ್ನು ಸಹಿಸಿದವನಾಗುತ್ತಾನೆ ಎಂದು ವಿವರಿಸಿದ್ದರು. ಅದನ್ನು ನೆನೆದು ಆತನನ್ನು ಕೇಳಿದೆ:

"ನೋವೇ ತಿಳಿಯದವನು ಸಹಿಸುವುದಾದರೂ ಏನನ್ನಪ್ಪಾ? ಕಲ್ಲು ಎಲ್ಲಿ ಸಹಿಸುತ್ತದೆ? ಸುಮ್ಮನೆ ಇರುತ್ತದೆ, ಅಷ್ಟೆ."

"ನಿಮ್ಮ ಶಾಸ್ತ್ರದ ಮಾತು ನಂಗೆಲ್ಲಿ ತಿಳೀತದೆ ಬುಡಿ," ಎಂದು ಆತ ಕಾಯಿ ಎತ್ತಿ ಕಲ್ಲಿಗೆ ಅಪ್ಪಳಿಸಿದ.

ಆ ಮಾಗಿಯಲ್ಲಿ ಕಂಡ ಎರಡು ಸಂಗತಿಗಳು ಇಂದಿಗೂ ನನ್ನ ಕಣ್ಣಿನಿಂದ ಮರೆಯಾಗಿಲ್ಲ.

ಒಂದು ಸಂಜೆ ಪ್ರಾಕಾರವನ್ನು ತೊಳೆಸಿದ್ದೆ. ಆತ ಪ್ರದಕ್ಷಿಣೆ ಮುಗಿಸಿ ಕುಳಿತ ಮೇಲೆ ನೋಡಿದರೆ, ಒದ್ದೆ ಕಲ್ಲಿನ ಮೇಲೆ ಗೋಮುಖದವರೆಗೆ ಹೋಗಿ ಹಿಂದಿರುಗಿದ ಕೆಂಪು ಗುರುತುಗಳು. ಪ್ರತಿ ಎರಡನೆಯ ಹೆಜ್ಜೆಗೊಂದು. ಯಾರೋ ಕುಂಕುಮ ಚೆಲ್ಲಿದ್ದಾರೆಂದು ಆತನೇ ಗದರಿದ. ನಾನು ಆತನ ಬಲಗಾಲನ್ನು ಎತ್ತಿಸಿ ನೋಡಿದೆ. ಲೇತಿನಿಂದ ಉದುರುವ ಕಬ್ಬಿಣದ ಸುರುಳಿಯೊಂದು ಅಂಗಾಲಿನೊಳಗೆ ತಿರುಪಿನಂತೆ ಹೊಕ್ಕಿತ್ತು. ಬೆಳಗ್ಗೆ ಶೂ ಒಳಗೆ ಬಿದ್ದಿರಬೇಕು. ದಿನವೆಲ್ಲ ಅದರ ಮೇಲೆಯೇ ನಿಂತಿದ್ದಾನೆ. ಆತ ಅದನ್ನು ಎರಡು ಬೆರಳಿನಲ್ಲಿ ಕಿತ್ತು, ಬೆಳಕಿಗೆ ಹಿಡಿದು, "ನಮ್ಮ ಮಿಷಿನ್ದೇ ಕಣ್ರೀ ಇದು!" ಎಂದು ನೆಂಟರನ್ನು ಕಂಡವನಂತೆ ನಕ್ಕ.

ಇನ್ನೊಂದು, ಅದಾದ ಕೆಲವು ದಿನಗಳ ಮೇಲಿನದು. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಆ ವರ್ಷದ ದಾರಿಯನ್ನು ವಿವರಿಸುತ್ತಿದ್ದ. ಎಲ್ಲಿ ತಂಗುವುದು, ಎಲ್ಲಿ ನೀರು ಸಿಕ್ಕುತ್ತದೆ, ಎಲ್ಲಿ ಆನೆಯ ಭಯ. ಗುಡಿಯ ಬಳಿ ಮಲಗುವ ಮುದಿನಾಯಿ ಮೆಲ್ಲನೆ ಬಂದು, ಆತನ ಹಿಮ್ಮಡಿಯನ್ನು ನೆಕ್ಕತೊಡಗಿತು. ಬಹಳ ಹೊತ್ತು, ಎಚ್ಚರಿಕೆಯಿಂದ, ತಾಯಿನಾಯಿ ಮರಿಯನ್ನು ನೆಕ್ಕುವಂತೆ. ಆತ ಮಾತು ನಿಲ್ಲಿಸಲಿಲ್ಲ. ಕಾಲು ಎಳೆದುಕೊಳ್ಳಲಿಲ್ಲ. ನಾಯಿಯಿದೆಯೆಂಬುದೇ ಆತನಿಗೆ ತಿಳಿದಿರಲಿಲ್ಲ.

ನಾನು ನಾಯಿಯನ್ನು ಅಟ್ಟಿ, ಅಂದೇ ಕಟುವಾಗಿ ಹೇಳಿದೆ: "ಇದು ವರವಲ್ಲ. ವೈದ್ಯರಿಗೆ ತೋರಿಸು."

ಆಗ ಹೊರಬಿತ್ತು. ಕಾರ್ಖಾನೆಯ ತಪಾಸಣೆಯಲ್ಲಿ ಆತನಿಗೆ ಸಕ್ಕರೆ ಕಾಯಿಲೆಯಿದೆಯೆಂದು ಹೇಳಿ ಎಷ್ಟೋ ಕಾಲವಾಗಿತ್ತು. ಕೊಟ್ಟ ಮಾತ್ರೆಗಳನ್ನು ಕೆಲವು ತಿಂಗಳು ನುಂಗಿದ್ದ. ಸೋಮವಾರದ ಉಪವಾಸದಲ್ಲಿ ಮಾತ್ರೆ ತೆಗೆದುಕೊಂಡಾಗ ಕೈಕಾಲು ನಡುಗಿತೆಂದು ನಿಲ್ಲಿಸಿದ್ದ.

"ಕುಂತು ತಿನ್ನೋರಿಗೆ ಶುಗರ್ರು ಅಯ್ನೋರೆ. ಈಟು ನಡೆಯೋನಿಗೆ ಯಾವ ಶುಗರ್ರು? ಬೆವರಲ್ಲೇ ಕರಗೋಯ್ತದೆ."

"ನಡಿಗೆ ಒಳ್ಳೆಯದೇ. ಆದರೆ ಪಾದಕ್ಕೇನಾಗಿದೆಯೋ ನೋಡಿಸಬೇಡವೆ?"

"ಮಾದಪ್ಪನ್ನ ನೋಡ್ಕಂಡು ಬಂದು ಡಾಕ್ಟ್ರನ್ನ ನೋಡ್ತೀನಿ. ಮೊದ್ಲು ಯಾರ್ನ ನೋಡ್ಬೇಕು, ಪೂಜೆ ಮಾಡೋ ನೀವೇ ಹೇಳಿ."

"ಮೊದಲು ವೈದ್ಯರನ್ನು. ಮಾದಪ್ಪ ಕಾಯುತ್ತಾನೆ. ಅವನಿಗೆ ಅವಸರವಿಲ್ಲ."

ಆತ ಎದ್ದು ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ವೈದ್ಯರ ಬಳಿಗೆ ಹೋಗಲಿಲ್ಲ. ಗುಂಪು ಹೊರಟ ಬೆಳಗ್ಗೆ ಎಲ್ಲರ ಹಣೆಗೆ ವಿಭೂತಿಯಿಟ್ಟೆ. "ಉಘೇ ಮಾದಪ್ಪ" ಎಂಬ ಕೂಗು ಬೀದಿಯ ತಿರುವಿನಲ್ಲಿ ಅಡಗುವವರೆಗೆ ನಿಂತು, ಒಳಗೆ ಬಂದು ರುದ್ರ ಹೇಳಲು ಕುಳಿತೆ. ಬಾಲ್ಯದಿಂದ ಒಮ್ಮೆಯೂ ಮುಗ್ಗರಿಸದ ಜಾಗದಲ್ಲಿ ಅಂದು ಸ್ವರ ತಪ್ಪಿತು. ಮೊದಲಿನಿಂದ ಹೇಳಿದೆ; ಮತ್ತೆ ಅಲ್ಲಿಯೇ ತಪ್ಪಿತು.

ಮುಂದಿನದನ್ನು ನನಗೆ ಹೇಳಿದವಳು ಸಾಕವ್ವ.

ಸಂಗಮದಲ್ಲಿ ಆತ ಎಂದಿನಂತೆ ಹೊಳೆಯ ನಡುವೆ, ಪಾಚಿಗಟ್ಟಿದ ಬಂಡೆಗಳ ಮೇಲೆ ಹಗ್ಗ ಹಿಡಿದು ನಿಂತು, ಗುಂಪಿನ ಕೊನೆಯವರು ದಾಟುವವರೆಗೆ ಕದಲಲಿಲ್ಲ. ನೆನೆದು ಮೆತ್ತಗಾದ ಪಾದಗಳಲ್ಲೇ ಕಾಡು ನಡೆದ. ಮರುದಿನ ಕಾಡು ಮುಗಿದು ಡಾಂಬರು ರಸ್ತೆ ಸಿಕ್ಕಾಗ ಸೂರ್ಯ ನೆತ್ತಿಯ ಮೇಲಿದ್ದ. ಉಳಿದವರೆಲ್ಲ ಅಂಗಾಲು ಸುಟ್ಟು, ಕುಪ್ಪಳಿಸಿ, ರಸ್ತೆಯ ಅಂಚಿನ ಹುಲ್ಲಿಗೆ ಓಡಿದರು. ಆತ ಮಾತ್ರ ರಸ್ತೆಯ ನಟ್ಟನಡುವೆ, ಮದುವೆಯಲ್ಲಿ ಹಾಸಿದ ನಡೆಮಡಿ ಬಟ್ಟೆಯ ಮೇಲೆ ಹೆಜ್ಜೆಯಿಡುವವನಂತೆ ನೆಟ್ಟಗೆ ನಡೆದುಹೋದ. ನೋಡಿದವರು ಕೈಮುಗಿದರು.

"ಮಾದಪ್ಪ ಇವನ ಪಾದದ ಕೆಳಗೆ ತನ್ನ ಅಂಗೈ ಇಟ್ಟವ್ನೆ ಅಂದ್ವಿ ಅಯ್ನೋರೆ," ಎಂದಳು ಸಾಕವ್ವ. "ನಾನೇ ಮೊದ್ಲು ಅಂದದ್ದು."

ಸಂಜೆ ತಂಗುವಲ್ಲಿ ಮುಂದಾಳಿನ ಕಾಲೊತ್ತುವುದು ಗುಂಪಿನ ಪದ್ಧತಿ. ಅದು ಪುಣ್ಯದ ಕೆಲಸ. ಸಾಕವ್ವ ಎಣ್ಣೆ ಹಚ್ಚಿಕೊಂಡು ಬಲಗಾಲನ್ನು ಮಡಿಲಿಗೆ ತೆಗೆದುಕೊಂಡಳು. ಅಂಗೈಯಿಂದ ಒತ್ತಿ ಎಳೆದಾಗ ಅಂಗಾಲಿನ ಚರ್ಮ ಕಾಲುಚೀಲದಂತೆ ಕಳಚಿ ಅವಳ ಕೈಗೆ ಬಂತು. ಅವಳು ಚೀರಿದಳು.

ಆತ ಬೆಚ್ಚಿ ಸುತ್ತಲೂ ನೋಡಿ, "ಯಾಕವ್ವ, ಹಾವು ಕಂಡ್ಯಾ?" ಎಂದು ಕೇಳಿದನಂತೆ.

ಅಲ್ಲಿಂದಲೇ ಹಿಂದಿರುಗಬಹುದಾಗಿತ್ತು; ಬಸ್ಸುಗಳಿದ್ದವು. ಗುಂಪಿನವರು ಕೈಕಾಲು ಹಿಡಿದರು. ಮಡದಿ ಅತ್ತು ಕರೆದಳು. ಹೊರಟ ಹೆಜ್ಜೆಯನ್ನು ಹಿಂದಿಡಬಾರದೆಂಬ ಒಂದೇ ಮಾತು ಆತನದು. ಪಂಚೆಯನ್ನು ಹರಿದು ಪಾದಕ್ಕೆ ಸುತ್ತಿಸಿಕೊಂಡು ತಾಳಬೆಟ್ಟವನ್ನು ಹತ್ತಿದ. ಹತ್ತುವಾಗಲೂ ಹಿಂದೆ ಉಳಿದವರಿಗೆ ಕೂಗಿ ಧೈರ್ಯ ಹೇಳುತ್ತಿದ್ದ. ದಾರಿಯ ಕಲ್ಲುಗಳ ಮೇಲೆ ಬಿದ್ದ ಗುರುತುಗಳನ್ನು ಹಿಂದಿನಿಂದ ಬಂದ ಅಪರಿಚಿತ ಭಕ್ತರು ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ.

ಬೆಟ್ಟದಿಂದ ಇಳಿದವನನ್ನು ನೇರವಾಗಿ ಆಸ್ಪತ್ರೆಗೆ ಸೇರಿಸಿದರು. ಮೊದಲು ಬೆರಳುಗಳು ಹೋದವು, ಆಮೇಲೆ ಪಾದ, ಕೊನೆಗೆ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ನಾನು ನೋಡಲು ಹೋದಾಗ ಆತ ಗೋಡೆಯ ಕಡೆಗೆ ತಿರುಗಿ ಮಲಗಿದ್ದ. ತಲೆಯ ಬಳಿ ಬಿಲ್ವಪತ್ರೆಯಿಟ್ಟೆ. ಆತ ಹೇಳಿದ:

"ಅಯ್ನೋರೆ, ಒಂದು ಮಾತು ಕೇಳ್ತೀನಿ, ನಗಬ್ಯಾಡಿ. ಇಲ್ದಿರೋ ಕಾಲು ನೋಯ್ತಾ ಐತೆ."

"ನಗುವುದಿಲ್ಲಪ್ಪಾ, ಹೇಳು."

"ಬೆರಳು ಬೆರಳೂ ನೋಯ್ತಾವೆ. ಆವತ್ತಿನ ಡಾಂಬರು ಈಗ ಸುಡ್ತಾ ಐತೆ. ಇದ್ದಾಗ ಯಾಕೆ ಸುಮ್ನಿತ್ತು ಅದು?"

ವೈದ್ಯರು ನನ್ನನ್ನು ಹೊರಗೆ ಕರೆದು, ಇಂಥ ನೋವು ಅಪರೂಪವಲ್ಲ, ಸಕ್ಕರೆ ಕಾಯಿಲೆ ನರಗಳನ್ನು ಮೊದಲೇ ಕೊಂದಿತ್ತು ಎಂದು ತಿಳಿಸಿದರು. ಎಡಗಾಲನ್ನಾದರೂ ಕಾಯ್ದುಕೊಳ್ಳಬೇಕು, ಅದರ ಪರೀಕ್ಷೆ ಹೀಗೆ ಎಂದು ಆತನಿಗೆ ಕಲಿಸಿಕೊಟ್ಟರು. ಕಣ್ಣು ಮುಚ್ಚಿಸಿ, ಸಣ್ಣ ಎಳೆಯಿಂದ ಅಂಗಾಲಿನ ಅಲ್ಲಲ್ಲಿ ಮುಟ್ಟಿ, ಮುಟ್ಟಿದ್ದು ತಿಳಿಯಿತೇ ಎಂದು ಕೇಳುವುದು. ಆತನ ಎಡಗಾಲು ಒಂದು ಕಡೆಯೂ ಉತ್ತರಿಸಲಿಲ್ಲ. ಆತ ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದ.

ಆ ವರ್ಷದ ಕಾರ್ತಿಕ ಬಂತು. ಊರುಗೋಲಿನಲ್ಲಿ ನಡೆಯುವವನು ಇನ್ನು ಯಾರನ್ನು ಪಳಗಿಸುತ್ತಾನೆ ಎಂದುಕೊಂಡಿದ್ದೆವು. ಮೊದಲ ಸೋಮವಾರ ಆತ ಎಲ್ಲರನ್ನೂ ತನ್ನ ಮನೆಯ ಜಗಲಿಗೆ ಕರೆಸಿದ. ನನ್ನನ್ನೂ. ಬಿಸಿಲು ಇನ್ನೂ ಏರಿರಲಿಲ್ಲ. ಗೋಡೆಗೊರಗಿ ಕುಳಿತ ಆತನ ಮುಂದೆ ಒಂದು ಸಣ್ಣ ಮಣೆ. ಕೈಯಲ್ಲಿ ತೆಂಗಿನ ಗರಿಯಿಂದ ಸೀಳಿದ, ಕೂದಲಿನಷ್ಟು ತೆಳುವಾದ ಒಂದು ಕಡ್ಡಿ.

"ಒಬ್ಬೊಬ್ರೇ ಬಂದು ಕುಂತ್ಕಂಡು ಕಾಲು ಮಣೆ ಮೇಲೆ ಇಡಿ. ಕಣ್ಣು ಮುಚ್ಕಳಿ. ಮುಟ್ದಾಗ ಹೂಂ ಅನ್ನಿ. ಹೂಂ ಅನ್ದಿರೋರು ಈ ವರ್ಸ ಬೆಟ್ಟಕ್ಕಿಲ್ಲ."

ಸಾಕವ್ವ ಹೌಹಾರಿದಳು. "ಥೂ, ಪೊರಕೆ ಕಡ್ಡೀಲಿ ಮುಟ್ತೀಯೇನ್ಲಾ ಮುತ್ತೈದೇರ್ನ?"

"ಹೊಸಾದು ಕಣವ್ವ, ಈಗಿನ್ನೂ ಗರಿಯಿಂದ ಸೀಳ್ದೆ. ಪೊರಕೆ ಆಗೋಕೆ ಮುಂಚೆ ಎಲ್ಲಾ ತೆಂಗಿನ ಮರಾನೇ. ಕಾಲು ಇಡು."

ಕಡ್ಡಿ ತಾಗುತ್ತಲೇ ಸಾಕವ್ವ ಕಚಗುಳಿಯಾಗಿ ಹಿಂದಕ್ಕೆ ಉರುಳಿದಳು. "ಅಯ್ಯಯ್ಯೋ ಬುಡ್ಲಾ, ಜೀವ ಹೋಯ್ತದೆ!" ಜಗಲಿಯೆಲ್ಲ ನಗೆ. ಅವಳ ನಂತರ ಇನ್ನೊಬ್ಬ, ಮತ್ತೊಬ್ಬಳು. ಒಬ್ಬೊಬ್ಬರೂ ಕುಯ್ಗುಟ್ಟಿದರು, ಕಾಲೆಳೆದುಕೊಂಡರು, ಆತನಿಗೆ ಬೈದರು. ಪ್ರತಿಯೊಂದು ಕಿರುಚಾಟಕ್ಕೂ ಆತನ ಮುಖ ಅರಳುತ್ತಿತ್ತು. ಎಷ್ಟೋ ತಿಂಗಳ ಮೇಲೆ ಆತ ನಕ್ಕದ್ದನ್ನು ನಾನು ಅಂದು ಕಂಡೆ.

ಎಲ್ಲರದೂ ಮುಗಿದ ಮೇಲೆ ಮಡದಿ ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದಳು.

"ಅಮ್ಮಿ, ನೀನೂ ಕುಂತ್ಕ."

"ನಂದೇನು ನೋಡ್ತೀರಿ, ದಿನಾ ನಿಮ್ಮ ಜೊತೇಲೇ ನಡೆದೋಳು," ಎನ್ನುತ್ತಾ ತಟ್ಟೆಯನ್ನು ಸಾಕವ್ವನ ಕೈಗಿತ್ತು, ಸೆರಗು ಸರಿಮಾಡಿಕೊಂಡು, ಮಣೆಯ ಮೇಲೆ ಪಾದವಿಟ್ಟಳು. ಕಣ್ಣು ಮುಚ್ಚಿದಳು. ತುಟಿಯ ಮೇಲೆ ನಗೆಯಿತ್ತು. ಕಚಗುಳಿಯನ್ನು ತಡೆದುಕೊಳ್ಳಲು ಮೊದಲೇ ಹಲ್ಲು ಬಿಗಿದಿದ್ದಳು.

ಆತ ಅವಳ ಹೆಬ್ಬೆರಳಿನ ಬುಡವನ್ನು ಮುಟ್ಟಿದ. ಅಂಗಾಲಿನ ಮಧ್ಯವನ್ನು ಮುಟ್ಟಿದ. ಹಿಮ್ಮಡಿಯನ್ನು ಮುಟ್ಟಿದ. ಜಗಲಿಯ ನಗೆ ಒಂದು ಮೂಲೆಯಿಂದ ಅಡಗುತ್ತಾ ಬಂತು. ಆತ ಮತ್ತೆ ಹೆಬ್ಬೆರಳಿಗೆ ಬಂದು ಒತ್ತಿದ. ಕಡ್ಡಿ ಬಿಲ್ಲಿನಂತೆ ಬಾಗಿತು.

"ಅದೇನು ಇಷ್ಟೊತ್ತು?" ಎಂದಳು ಆಕೆ, ಕಣ್ಣು ಮುಚ್ಚಿಕೊಂಡೇ. "ಕಾಫಿ ಆರೋಯ್ತದೆ. ಮುಟ್ಟಿ ಮತ್ತೆ."

ಆತ ಕಡ್ಡಿಯನ್ನು ತೆಗೆಯಲಿಲ್ಲ. ಆಕೆ ಕಣ್ಣು ಮುಚ್ಚಿ, ಅದು ಮುಟ್ಟುವುದನ್ನೇ ಕಾಯುತ್ತಾ ಕುಳಿತಿದ್ದಳು.